ಮನೆಯವರೆಲ್ಲ ದಪ್ಪ ಇದ್ದರೆ ಫಾಸ್ಟ್ ಫುಡ್ ಬಿಟ್ಟು ಏನು ಪ್ರಯೋಜನ?

ಅಪ್ಪ, ಅಮ್ಮ, ಅಕ್ಕ ಎಲ್ಲರೂ ದಪ್ಪ, ಗೆಳೆಯ ಮಾತ್ರ ದಿನಾ ಬರ್ಗರ್ ತಿಂದರೂ ಕಡ್ಡಿ ಥರ ಇದ್ದಾನೆ, ಹಾಗಾದರೆ ಎಲ್ಲ ಜೀನ್‌ಗಳದೇ ಆಟ ಅಲ್ವಾ ಅಂತ ಕೇಳಿದ್ದೀರಿ. ಜೀನ್‌ಗಳ ಕೈವಾಡ ಖಂಡಿತ ಇದೆ. ಆದರೆ ಅವು ಕೆಲಸ ಮಾಡುವ ಬಗೆಯೇ ಬೇರೆ.

ಸಂಶೋಧಕ ಕ್ಲಾಡ್ ಬುಷಾರ್ ಮತ್ತು ಜೊತೆಗಾರರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತದ್ರೂಪಿ ಅವಳಿ ಯುವಕರ 12 ಜೋಡಿ. ಎಲ್ಲರಿಗೂ ವಾರಕ್ಕೆ 6 ದಿನ, ದಿನಕ್ಕೆ 1000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ಹೀಗೆ ತಿನ್ನಿಸಿದ್ದು ಒಟ್ಟು 84 ದಿನ. ಕೊನೆಗೆ ಒಬ್ಬ 4 ಕೆಜಿ ಚಿಲ್ಲರೆ ಹೆಚ್ಚಿದ್ದ, ಇನ್ನೊಬ್ಬ 13 ಕೆಜಿ! ಆದರೆ ಒಂದೇ ಜೋಡಿಯ ಇಬ್ಬರಲ್ಲಿ ಅಷ್ಟು ಅಂತರ ಇರಲಿಲ್ಲ. ನಿಮ್ಮ ಗೆಳೆಯನ ಗುಟ್ಟೂ ಸ್ವಲ್ಪ ಮಟ್ಟಿಗೆ ಇದೇ ಇರಬಹುದು. (ಅವನು ಉಳಿದ ಹೊತ್ತು ಏನು ತಿಂತಾನೆ ಅಂತ ಮಾತ್ರ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.)

2007ರಲ್ಲಿ ಹೆಸರಾದ ಎಫ್‌ಟಿಒ ಜೀನ್ ನೋಡಿ. ತೂಕ ಹೆಚ್ಚಿಸುವ ಬಗೆಯದು ತಂದೆ, ತಾಯಿ ಇಬ್ಬರಿಂದಲೂ ಬಂದವರು ಸರಾಸರಿ 3 ಕೆಜಿಯಷ್ಟು ಹೆಚ್ಚು ತೂಗುತ್ತಾರೆ. ಅಷ್ಟೇ. ಇಂಥ ನೂರಾರು ಜೀನ್‌ಗಳು ಚೂರುಚೂರು ಸೇರುತ್ತವೆ. ಇವುಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಮಿದುಳಿನಲ್ಲಿ. ಹಸಿವು ಎಷ್ಟು, ಸಾಕು ಅನ್ನಿಸುವುದು ಯಾವಾಗ ಅನ್ನೋದರ ಮೇಲೇ ಅವುಗಳ ಪ್ರಭಾವ.

ಫಾಸ್ಟ್ ಫುಡ್ ಕೈ ಹಾಕುವುದೂ ಇಲ್ಲೇ. ಕೆವಿನ್ ಹಾಲ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಹಿಡಿಸಿದ್ದು. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲ ಹೆಚ್ಚುಕಮ್ಮಿ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಅದೂ ಬೇಗಬೇಗ. ಎರಡೇ ವಾರಕ್ಕೆ ಒಂದು ಕೆಜಿ ಹತ್ತಿರ ಏರಿತು. ಯಾರೂ ಬಲವಂತ ಮಾಡಿರಲಿಲ್ಲ.

ಹಾಗಾಗಿ ಜೀನೋ ಊಟವೋ ಅಂತ ಜಗಳ ಹಚ್ಚುವುದೇ ಸುಮ್ನೆ. ಸಾಕು ಅನ್ನಿಸುವುದು ತಡವಾಗುವ ಮೈಗೆ, ಸಾಕು ಅನ್ನಿಸುವ ಮೊದಲೇ ಖಾಲಿಯಾಗುವ ತಿಂಡಿ ಸಿಕ್ಕರೆ ಏಟು ಜೋರು. ಜಗತ್ತಿನಲ್ಲಿ ಬೊಜ್ಜಿರುವ ವಯಸ್ಕರ ಪಾಲು 1990ರಿಂದೀಚೆಗೆ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಇಷ್ಟು ಬೇಗ ಜೀನ್‌ಗಳು ಬದಲಾಗಲ್ಲ. ನಿದ್ದೆಗೆಡುವುದು, ಕೂತೇ ಮಾಡುವ ಕೆಲಸ, ಕೆಲವು ಮಾತ್ರೆಗಳು ಕೂಡ ತೂಕ ಏರಿಸುತ್ತವೆ.

ನಾನಾದರೆ ಬರ್ಗರ್‌ಗಿಂತ ಮೊದಲು ಅದರ ಜೊತೆಗಿನ ಕೋಲಾ ಬಿಡಿ ಅಂತೀನಿ. 330 ಮಿಲಿ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಕುಡಿದರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸಲ್ಲ. ಇನ್ನು ಮನೆಯಲ್ಲಿ ಯಾರಾದರೂ ಎಳೆ ಮಗುವಿನಿಂದಲೇ ವಿಪರೀತ ಹಸಿವು, ವಿಪರೀತ ತೂಕ ಅಂತಿದ್ದರೆ ಡಾಕ್ಟರಿಗೆ ತೋರಿಸಿ. ಒಂದೇ ಜೀನ್ ಕೆಟ್ಟು ಬರುವ ಅಪರೂಪದ ಬೊಜ್ಜೂ ಇದೆ. ಅದರಲ್ಲಿ ಕೆಲವಕ್ಕೆ, ಉದಾಹರಣೆಗೆ ಹಸಿವಿಗೆ ಕಡಿವಾಣ ಹಾಕುವ ಲೆಪ್ಟಿನ್ ಹಾರ್ಮೋನ್ ಇಲ್ಲದ ಮಕ್ಕಳಿಗೆ, ಇಂಜೆಕ್ಷನ್ ಕೂಡ ಇದೆ.