ಗಾಯಾಳುಗಳನ್ನು ಹೊತ್ತು ತರುವ ಪೈಲಟ್‌ಗೆ ಅಷ್ಟು ದೊಡ್ಡ ಶೌರ್ಯ ಪದಕ ಯಾಕೆ?

ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ಪೈಲಟ್ ಹೋರಾಡುವುದೇ ಇಲ್ಲ, ಅಂಥವರಿಗೂ ಅತಿ ದೊಡ್ಡ ಪದಕ ಕೊಡುತ್ತಾರಾ ಅಂತ ಕೇಳಿದ್ದೀರಿ. ಕೊಟ್ಟಿದ್ದಾರೆ. ನಾನು ತುಂಬಾ ಗೌರವಿಸುವ ಅಮೆರಿಕದ ಪೈಲಟ್ ಮೈಕೆಲ್ ನೊವೊಸೆಲ್ ಅವರ ವಿಷಯ ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಬಿ-29 ಬಾಂಬರ್ ಹಾರಿಸಿದವರು ಇವರು. ವಿಯೆಟ್ನಾಂ ಯುದ್ಧ ಜೋರಾದಾಗ ಅಮೆರಿಕದ ವಾಯುಪಡೆಯ ಮೀಸಲು ದಳದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದರು. ವಯಸ್ಸು 40 ದಾಟಿತ್ತು. ಮತ್ತೆ ಸೇವೆಗೆ ಬರುತ್ತೇನೆ ಅಂದರೆ ವಾಯುಪಡೆ ತೆಗೆದುಕೊಳ್ಳಲಿಲ್ಲ. ಆ ದರ್ಜೆಯನ್ನೇ ಬಿಟ್ಟುಕೊಟ್ಟು, ಭೂಸೇನೆಯಲ್ಲಿ ಬಹಳ ಕೆಳಗಿನ ವಾರಂಟ್ ಆಫೀಸರ್ ಆಗಿ ಸೇರಿ, ಹೆಲಿಕಾಪ್ಟರ್ ಹಾರಿಸಲು ವಿಯೆಟ್ನಾಂಗೆ ಹೋದರು. ನನಗೆ ಪದಕಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಗಾಯಾಳುಗಳನ್ನು ಸಾಗಿಸುವ ಈ ಹೆಲಿಕಾಪ್ಟರ್‌ಗಳನ್ನು ರೇಡಿಯೋದಲ್ಲಿ ಕರೆಯುತ್ತಿದ್ದುದು 'ಡಸ್ಟ್ ಆಫ್' ಅಂತ. ಹ್ಯೂಯಿ ಹೆಲಿಕಾಪ್ಟರ್, ಒಳಗೆ ನಾಲ್ಕು ಜನ: ಇಬ್ಬರು ಪೈಲಟ್‌ಗಳು, ಚಿಕಿತ್ಸೆ ಕೊಡುವ ಒಬ್ಬ ಮೆಡಿಕ್, ಹೆಲಿಕಾಪ್ಟರ್ ನೋಡಿಕೊಳ್ಳುವ ಒಬ್ಬ ಕ್ರೂ ಚೀಫ್. ಹಾರುತ್ತಿರುವಾಗ ಗುಂಡು ಬೀಳುವುದು ಒಂದು ಕಷ್ಟ. ಆದರೆ ಗಾಯಾಳುವನ್ನು ಒಳಗೆ ಎಳೆದುಕೊಳ್ಳುವವರೆಗೆ ಶತ್ರುವಿನ ಕಣ್ಣೆದುರೇ ಕದಲದೆ ನಿಲ್ಲಬೇಕಲ್ಲ, ಅದು ಇನ್ನೂ ಕಷ್ಟ.

1969ರ ಅಕ್ಟೋಬರ್ 2. ಕಿಯೆನ್ ತುವಾಂಗ್ ಪ್ರಾಂತ್ಯದಲ್ಲಿ ಅಮೆರಿಕದ ಮಿತ್ರಪಕ್ಷವಾದ ದಕ್ಷಿಣ ವಿಯೆಟ್ನಾಂ ಸೈನಿಕರು ಗುಂಡಿನ ಸುರಿಮಳೆಗೆ ಸಿಕ್ಕಿ ಚದುರಿ ಹೋಗಿದ್ದರು. ನೊವೊಸೆಲ್ ಅವರಿಗಾಗ 47 ವರ್ಷ. ಬೇರೆ ವಿಮಾನಗಳ ರಕ್ಷಣೆ ಇಲ್ಲದೆಯೇ ಒಳಗೆ ಹೋದರು. ಸೈನಿಕರ ಗಮನ ಸೆಳೆಯಲು ನೆಲಕ್ಕೆ ತಾಗುವಷ್ಟು ಕೆಳಗೆ ಸುತ್ತು ಹಾಕಿದರು. ಗುಂಡಿನ ಹೊಡೆತಕ್ಕೆ 6 ಸಲ ಹೊರಗೆ ಬರಬೇಕಾಯಿತು, ಪ್ರತಿ ಸಲವೂ ಬೇರೆ ದಿಕ್ಕಿನಿಂದ ಮತ್ತೆ ನುಗ್ಗಿದರು. ಕೊನೆಗೆ ಶತ್ರುವಿನ ಬಂಕರ್ ಪಕ್ಕದಲ್ಲೇ ಒಬ್ಬ ಗಾಯಾಳು ಬಿದ್ದಿರುವುದು ಕಂಡಿತು. ಹೆಲಿಕಾಪ್ಟರನ್ನು ಹಿಮ್ಮುಖವಾಗಿ ತೇಲಿಸುತ್ತಾ ಅವನ ಹತ್ತಿರ ಹೋದರು. ಅವನನ್ನು ಮೇಲೆಳೆದುಕೊಳ್ಳುವಾಗಲೇ ಗುಂಡು ಹಾರಿ ನೊವೊಸೆಲ್ ಗಾಯಗೊಂಡರು. ಹೆಲಿಕಾಪ್ಟರ್ ಕ್ಷಣಕಾಲ ಹಿಡಿತ ತಪ್ಪಿತು. ಸಾವರಿಸಿಕೊಂಡು ಹೊರಟೇಬಿಟ್ಟರು. ಅಂದು ಉಳಿದ ಜೀವಗಳು 29. ಅದಕ್ಕೆ ಕೊಟ್ಟಿದ್ದು ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್, 1971ರಲ್ಲಿ.

ಅವರ ಮಗನೂ ಅದೇ ತುಕಡಿಯಲ್ಲಿ ಪೈಲಟ್. 1970ರಲ್ಲಿ ಮಗನ ಹೆಲಿಕಾಪ್ಟರ್ ಕೆಳಗೆ ಬಿದ್ದಾಗ ಅಪ್ಪ ಹೋಗಿ ಕರೆತಂದರು. ಕೆಲವೇ ದಿನಗಳಲ್ಲಿ ಅಪ್ಪನನ್ನು ಹಾಗೇ ಕರೆತಂದಿದ್ದು ಮಗ!

ಎರಡು ಸಲದ ವಿಯೆಟ್ನಾಂ ಸೇವೆಯಲ್ಲಿ ನೊವೊಸೆಲ್ 5,589 ಗಾಯಾಳುಗಳನ್ನು ಸಾಗಿಸಿದರು. ಇಂಥದೇ ಇನ್ನೊಬ್ಬ ಡಸ್ಟ್ ಆಫ್ ಪೈಲಟ್ ಪ್ಯಾಟ್ರಿಕ್ ಬ್ರೇಡಿ ಅವರ ಬಗ್ಗೆಯೂ ದಯವಿಟ್ಟು ಓದಿ. 1968ರ ಜನವರಿ 6ರಂದು ಗುಂಡೇಟಿಗೆ ಜರ್ಝರಿತವಾದ ಹೆಲಿಕಾಪ್ಟರ್ ಬಿಟ್ಟು ಇನ್ನೊಂದು ಹತ್ತುತ್ತಾ, ಒಟ್ಟು ಮೂರು ಹೆಲಿಕಾಪ್ಟರ್‌ಗಳಲ್ಲಿ 51 ಗಾಯಾಳುಗಳನ್ನು ಹೊರತಂದವರು ಅವರು.