ಇಂಟೆಲ್ ಮ್ಯಾಕ್‌ಗೆ ಬರೆದ ಆಡಿಯೋ ಪ್ಲಗಿನ್ ಅನ್ನು ಎಂ1 ಮ್ಯಾಕ್‌ನಲ್ಲಿ ರೊಸೆಟ್ಟಾ (ಇಂಟೆಲ್ ಕೋಡನ್ನು ಭಾಷಾಂತರಿಸಿ ಓಡಿಸುವ ಆಪಲ್ ತಂತ್ರಾಂಶ) ಇಲ್ಲದೆ ಓಡಿಸುವುದು ಹೇಗೆ?

ಪ್ಲಗಿನ್ ಸ್ವತಂತ್ರವಾಗಿ ಓಡುವುದಿಲ್ಲ. ಸಾಮಾನ್ಯವಾಗಿ ಹೋಸ್ಟ್ ತಂತ್ರಾಂಶದ, ಅಂದರೆ ಅದನ್ನು ಬಳಸುವ ಸಂಗೀತ ತಂತ್ರಾಂಶದ, ಪ್ರಕ್ರಿಯೆಯೊಳಗೇ ಸೇರಿಕೊಳ್ಳುತ್ತದೆ. ಒಂದೇ ಪ್ರಕ್ರಿಯೆಯಲ್ಲಿ ಇಂಟೆಲ್ ಕೋಡ್ ಮತ್ತು ಎಂ1 ಚಿಪ್‌ನ ಆರ್ಮ್ ಕೋಡ್ ಬೆರೆಯುವಂತಿಲ್ಲ. ಆದ್ದರಿಂದ ಎರಡೂ ರೂಪಗಳನ್ನು ಒಳಗೊಂಡ ಯೂನಿವರ್ಸಲ್ ಬೈನರಿಯನ್ನೇ ಸಿದ್ಧಪಡಿಸಿ. ಬಿಲ್ಡ್ ಉಪಕರಣವಾಗಿ ಸಿಮೇಕ್ ಬಳಸುತ್ತಿದ್ದರೆ ಆರ್ಕಿಟೆಕ್ಚರ್ ಪಟ್ಟಿಯಲ್ಲಿ ಆರ್ಮ್64, ಎಕ್ಸ್86-64 (ಇಂಟೆಲ್) ಎರಡನ್ನೂ ಪ್ರಾಜೆಕ್ಟ್ ಆದೇಶಕ್ಕಿಂತ ಮೊದಲೇ ನಮೂದಿಸಿ. ಜೊತೆಗೆ ಸೇರಿಸುವ ಪ್ರತಿ ಲೈಬ್ರರಿಯೂ ಎರಡೂ ರೂಪಗಳಲ್ಲಿರಬೇಕು. ಎಡವುವುದು ಇಲ್ಲೇ, ದಯವಿಟ್ಟು ಒಂದೊಂದನ್ನೂ ಪರೀಕ್ಷಿಸಿ.

ನಿಜವಾದ ಶ್ರಮವಿರುವುದು ಕೋಡ್‌ನೊಳಗೆ. ವೇಗಕ್ಕಾಗಿ ನೇರವಾಗಿ ಬರೆದ, ಒಮ್ಮೆಗೆ ಹಲವು ಸಂಖ್ಯೆಗಳನ್ನು ಲೆಕ್ಕಿಸುವ ಇಂಟೆಲ್‌ನ ಎಸ್‌ಎಸ್‌ಇ ಸೂಚನೆಗಳು ಆರ್ಮ್‌ನಲ್ಲಿ ಕಂಪೈಲ್ ಆಗುವುದಿಲ್ಲ. ಅವುಗಳ ಜಾಗಕ್ಕೆ ಆರ್ಮ್‌ನ ನಿಯಾನ್ ಸೂಚನೆಗಳು ಬರಬೇಕು. ಇನ್ನೊಂದು ಸೂಕ್ಷ್ಮವಿದೆ. ರಿವರ್ಬ್‌ನ ಸದ್ದು ಕರಗುತ್ತಾ ಹೋದಂತೆ ಹುಟ್ಟುವ ಅತಿ ಸಣ್ಣ ಸಂಖ್ಯೆಗಳನ್ನು, ಅಂದರೆ ಡಿನಾರ್ಮಲ್‌ಗಳನ್ನು, ಸೊನ್ನೆಯಾಗಿಸುವ ವ್ಯವಸ್ಥೆ ಇಂಟೆಲ್‌ನಲ್ಲಿ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರಿನಲ್ಲಿದ್ದರೆ, ಆರ್ಮ್‌ನಲ್ಲಿ ಎಫ್‌ಪಿಸಿಆರ್ ರಿಜಿಸ್ಟರಿನ 24ನೇ ಬಿಟ್‌ನಲ್ಲಿದೆ. ಹಳೆಯ ಕೋಡ್ ಅದನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ನೀವೇ ಹೊಂದಿಸಬೇಕು.

ಸಹಿಯಿಲ್ಲದ ಆರ್ಮ್ ಕೋಡನ್ನು ಈ ಮ್ಯಾಕ್‌ಗಳು ಓಡಿಸುವುದಿಲ್ಲವಾದ್ದರಿಂದ ಕೋಡ್ ಸಹಿಯನ್ನು ಮರೆಯಬೇಡಿ. ಕೊನೆಗೆ ಟರ್ಮಿನಲ್‌ನಲ್ಲಿ ಲಿಪೊ ಉಪಕರಣದಿಂದ ಫೈಲನ್ನು ಪರಿಶೀಲಿಸಿ: ಎರಡೂ ಆರ್ಕಿಟೆಕ್ಚರ್ ಹೆಸರುಗಳು ಕಾಣಬೇಕು.