ಟ್ಯಾಬು ಮೊದಲು ಮೇಡಂ ಕೈಗೆ ಬರಲಿ

ಶಿಗ್ಗಾವಿ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: ತಮ್ಮೂರಿನ ಸರ್ಕಾರಿ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಟ್ಯಾಬು ಕೊಡಿಸಲು ಹೊರಟಿದ್ದಾರೆ, ಮಕ್ಕಳು ಆನ್‌ಲೈನಿನಲ್ಲೇ ಇಂಗ್ಲಿಷ್ ಮಾತು, ಬರವಣಿಗೆ ಕಲಿತರೆ ಶಿಕ್ಷಕರ ಕೊರತೆ ನೀಗುವುದಿಲ್ಲವೇ? ಇಂಥದ್ದಕ್ಕೆಲ್ಲ ನಿಮ್ಮ ಪತ್ರಿಕೆ ಮೂಗು ಮುರಿಯುವುದೇಕೆ?

ಮಾನ್ಯರೇ, ಓದಿದ ಶಾಲೆಯನ್ನು ಮರೆಯದವರನ್ನು ಕಂಡು ಮೂಗು ಮುರಿಯುವಷ್ಟು ಸಣ್ಣತನ ನಮಗಿಲ್ಲ. ಗೂಗಲ್ ಸಂಸ್ಥೆ 2019ರಲ್ಲಿ ‘ಬೋಲೊ’ ಎಂಬ ಹೆಸರಿನಿಂದ ಹೊರತಂದು ಆಮೇಲೆ ‘ರೀಡ್ ಅಲಾಂಗ್’ ಎಂದು ಕರೆದ ಆ್ಯಪ್, ಮಗು ಗಟ್ಟಿಯಾಗಿ ಓದುವುದನ್ನು ಆಲಿಸಿ ತಡವರಿಸಿದಲ್ಲಿ ನೆರವಾಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲದ ಮಗುವಿಗೆ ಅದು ಉಪಕಾರವೇ ಸರಿ.

ಆದರೆ ನಾವು ಕಂಡ ಒಂದು ತರಗತಿಯ ಸಂಗತಿ ಕೇಳಿ. ಅಂಥದೇ ಆ್ಯಪ್ ಇದ್ದ ಒಂದೇ ಟ್ಯಾಬು ಕೈಯಿಂದ ಕೈಗೆ ಸಾಗಬೇಕಿತ್ತು. ಮಕ್ಕಳು ಅದನ್ನು ಚೆನ್ನಾಗಿ ಓದುವ ಹುಡುಗಿಯೊಬ್ಬಳ ಮುಂದೆ ಹಿಡಿದು, ಎಲ್ಲರ ಹೆಸರಿನಲ್ಲೂ ಅವಳಿಂದಲೇ ಓದಿಸಿ, ಎಲ್ಲರಿಗೂ ನಕ್ಷತ್ರ ಗಿಟ್ಟಿಸಿಕೊಂಡರು. ಅವರ ಜಾಣತನಕ್ಕೆ ನಾವೂ ನಕ್ಕೆವು. ಕೊನೆಯ ಬೆಂಚಿನ ಹುಡುಗ ಬಾಯಿಯನ್ನೇ ತೆರೆದಿಲ್ಲವೆಂಬುದು ಮಾತ್ರ ಟ್ಯಾಬಿಗೆ ತಿಳಿಯಲಿಲ್ಲ, ಮೇಡಂ ಅವರಿಗೆ ತಿಳಿದಿತ್ತು.

ಬರವಣಿಗೆಯಲ್ಲಂತೂ ಇದು ಇನ್ನೂ ಸ್ಪಷ್ಟ. ನಿನ್ನೆ ಜಾತ್ರೆಗೆ ಹೋಗಿದ್ದೆ ಎನ್ನುವುದನ್ನು ನಮ್ಮ ಮಕ್ಕಳು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್’ ಎಂದು ಬರೆಯುತ್ತಾರೆ. ತಂತ್ರಾಂಶ ಅಡಿಗೆರೆ ಎಳೆದು ‘ವೆಂಟ್’ ಎಂದು ಸೂಚಿಸಿದರೆ ಮಗು ಅದನ್ನು ಒತ್ತುತ್ತದೆ, ಗೆರೆ ಅಳಿಯುತ್ತದೆ, ಮರುದಿನ ಅದೇ ತಪ್ಪು ಹಾಜರಾಗುತ್ತದೆ. ಕನ್ನಡದ ‘ಹೋಗಿದ್ದೆ’ಯೇ ಆ ‘ಹ್ಯಾಡ್’ ಅನ್ನು ಎಳೆತಂದಿದೆ ಎಂಬುದು ಕನ್ನಡ ಬಲ್ಲ ಶಿಕ್ಷಕಿಗೆ ಕಂಡಕೂಡಲೇ ಹೊಳೆಯುತ್ತದೆ. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೇಳಿದ ವರದಿಯಿಂದ ಮನೆಮಾತಾದ ವಿ.ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಎರಡೂ ಭಾಷೆಗಳಲ್ಲಿ ಕಾಲೂರಿದವರೇ ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ತಕ್ಕವರೆಂಬ ಮಾತಿಗೆ ಬೇರೆ ಸಾಕ್ಷಿ ಬೇಕೆ?

ಅಂಥ ಶಿಕ್ಷಕರನ್ನು ನಾವು ರೂಪಿಸಿದ್ದಾದರೂ ಹೇಗೆ? 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಆರಂಭಿಸಿದೆವು. ಆ ಭಾಷೆಯನ್ನು ಬಾಯಿಬಿಟ್ಟು ಆಡುವ ಅವಕಾಶವೇ ಸಿಗದೆ ಬೆಳೆದ ಎಷ್ಟೋ ಶಿಕ್ಷಕರ ಕೈಗೆ ಪುಸ್ತಕ ಕೊಟ್ಟು ಕಲಿಸಿರೆಂದೆವು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ತರಬೇತಿಗಳೂ ನಡೆಯುತ್ತವೆ. ಆದರೆ ತರಬೇತಿ ಮುಗಿಸಿ ಬಂದವರಿಗೆ ಶಾಲೆಯಲ್ಲಿ ಕಾದಿರುವುದು ಹಾಜರಾತಿಯ ಅಪ್‌ಲೋಡು, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ. ನೋಟ್‌ಬುಕ್ಕು ತಿದ್ದುವ ಹೊತ್ತನ್ನು ಅವರಿಂದ ಕಸಿದುಕೊಂಡು, ಈಗ ತಿದ್ದುವ ಯಂತ್ರಕ್ಕೆಂದು ಊರಲ್ಲಿ ಚಂದಾ ಎತ್ತುತ್ತಿದ್ದೇವೆ! ಇಷ್ಟು ವರ್ಷ ಮುಖ್ಯೋಪಾಧ್ಯಾಯರಾಗಿದ್ದ ತಮಗೆ ಇದನ್ನು ನಾವು ಹೇಳಬೇಕೆ?

ಟ್ಯಾಬು ಕೊಳ್ಳಿರಿ, ನಮ್ಮ ತಕರಾರಿಲ್ಲ. ಮೊದಲ ಕೆಲವು ತಿಂಗಳು ಅದು ಶಿಕ್ಷಕಿಯ ಬಳಿಯೇ ಇರಲಿ. ಮಕ್ಕಳೆದುರು ನಾಚದೆ, ಮನೆಯಲ್ಲೇ ಉಚ್ಚಾರಣೆ ತಿದ್ದಿಕೊಳ್ಳಲಿ. ಉಳಿದ ಹಣದಲ್ಲಿ ಅವರ ಲೆಕ್ಕಪತ್ರದ ಕೆಲಸಕ್ಕೆ ಊರಿನ ಓದಿದ ಹುಡುಗನೊಬ್ಬನನ್ನು ಗೊತ್ತುಮಾಡಿ. ಇಷ್ಟು ಚೆಂದದ ಕೈಬರಹದ ತಾವು ಸಂಜೆ ಹೊತ್ತು ಶಾಲೆಯ ಜಗಲಿಯಲ್ಲಿ ಕುಳಿತು ಮಕ್ಕಳ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದಿಕೊಟ್ಟರೆ, ಒಳ್ಳೆಯವೆರಡನ್ನು ನಮಗೂ ಕಳುಹಿಸಿರಿ.

— ಸಂಪಾದಕ